ಗ್ವಿನ್‌ವರ್ ಎವಾನ್ಸ್: ಸೋಲುಗಳ ನಡುವಿನ ಒಂದು ಭಾಷಾಸಾಧನೆ

ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿಯನ್ನು 1945ರಿಂದ 1981ರವರೆಗೆ ಅಧ್ಯಕ್ಷರಾಗಿ ಮುನ್ನಡೆಸಿದವರು ಗ್ವಿನ್‌ವರ್ ಎವಾನ್ಸ್ (1912-2005). (ವೆಲ್ಶ್ ಬರಹದಲ್ಲಿ ‘ಎಫ್’ ಅಕ್ಷರಕ್ಕೆ ‘ವ’ಕಾರದ ಉಚ್ಚಾರವಿರುವುದರಿಂದ ‘ಗ್ವಿನ್‌ಫರ್’ ಎಂಬ ರೂಪವನ್ನು ಇಲ್ಲಿ ಬಳಸಿಲ್ಲ.) ಚುನಾವಣೆಗಳ ಫಲಿತಾಂಶದಿಂದಲೇ ಅಳೆದರೆ ಅವರ ಸಾರ್ವಜನಿಕ ಜೀವನವು ಬಹುಮಟ್ಟಿಗೆ ಸೋಲುಗಳ ಪಟ್ಟಿಯಾಗಿ ತೋರುತ್ತದೆ. ಆದರೆ ಅವರ ಭಾಷೆಗೆ ದೊರೆತ ಒಂದು ದೊಡ್ಡ ಲಾಭವು ಅವರು ಸಂಸತ್ತಿನ ಹೊರಗಿದ್ದಾಗಲೇ ದೊರೆಯಿತು. ಅದು ಹೇಗೆಂಬುದನ್ನು ವಿವರಿಸುವುದು ನಮ್ಮ ಉದ್ದೇಶ.

ದಕ್ಷಿಣ ಕರಾವಳಿಯ ಬ್ಯಾರಿ ಪಟ್ಟಣದಲ್ಲಿ ಹುಟ್ಟಿದ ಎವಾನ್ಸರ ಮನೆಮಾತು ಇಂಗ್ಲಿಷ್. ವೆಲ್ಶ್ ಅವರು ಯೌವನದಲ್ಲಿ ಪ್ರಯತ್ನಪೂರ್ವಕವಾಗಿ ಕಲಿತ ನುಡಿ. ಹೊರನಾಡಿನ ಎರಡನೆಯ ತಲೆಮಾರಿನ ಕನ್ನಡಿಗರನ್ನು ಬಲ್ಲ ನಮ್ಮ ಓದುಗರಿಗೆ ಇದು ಅಪರಿಚಿತ ಸ್ಥಿತಿಯಲ್ಲ. ಆದರೆ ಎವಾನ್ಸರು ಪರಕೀಯರಾದದ್ದು ತಮ್ಮ ನಾಡಿನಲ್ಲಿಯೇ. ಆಬರಿಸ್ಟ್‌ವಿತ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ನ್ಯಾಯಶಾಸ್ತ್ರ ಓದಿದರೂ, ಲಂಗಾಡೊಗ್ ಎಂಬ ಹಳ್ಳಿಯಲ್ಲಿ ಟೊಮೇಟೊ ಬೆಳೆದು ಜೀವಿಸಿದರು. ಎರಡನೆಯ ಮಹಾಯುದ್ಧದಲ್ಲಿ ಶಾಂತಿವಾದದ ನಿಲುವಿನಿಂದ ಸೈನ್ಯಸೇವೆಯನ್ನು ನಿರಾಕರಿಸಿದರು.

ಲಿವರ್‌ಪೂಲ್ ನಗರದ ನೀರಿಗಾಗಿ ಟ್ರವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟುವ ಮಸೂದೆ 1957ರಲ್ಲಿ ಅಂಗೀಕೃತವಾಯಿತು. ವೇಲ್ಸ್‌ನ 36 ಸಂಸದರಲ್ಲಿ ಒಬ್ಬರೂ ಅದನ್ನು ಬೆಂಬಲಿಸಿರಲಿಲ್ಲ. ವೆಲ್ಶ್ ಮಾತನಾಡುವ ಕ್ಯಾಪೆಲ್ ಕೆಲಿನ್ ಗ್ರಾಮ ತನ್ನ ಶಾಲೆ, ಪ್ರಾರ್ಥನಾಮಂದಿರಗಳೊಡನೆ ಮುಳುಗಿತು. ಗ್ರಾಮಸ್ಥರೊಡನೆ ಲಿವರ್‌ಪೂಲಿಗೆ ಹೋಗಿ ಪ್ರತಿಭಟಿಸಿದ್ದ ಎವಾನ್ಸರು ಅಣೆಕಟ್ಟನ್ನು ತಡೆಯಲಾರದೆ ಹೋದರು. 1965ರಲ್ಲಿ ಜಲಾಶಯ ಉದ್ಘಾಟನೆಯಾಯಿತು.

ಮರುವರ್ಷ, 1966ರ ಜುಲೈ 14ರಂದು, ಕಾರ್ಮಾರ್ದನ್ ಉಪಚುನಾವಣೆಯಲ್ಲಿ 2,436 ಮತಗಳ ಅಂತರದಿಂದ ಗೆದ್ದು ಅವರು ಪಕ್ಷದ ಮೊದಲ ಸಂಸದರಾದರು. ವೆಲ್ಶ್‌ನಲ್ಲಿ ಪ್ರಮಾಣವಚನ ಸ್ವೀಕರಿಸುವ ಅವರ ಕೋರಿಕೆಗೆ ಅನುಮತಿ ದೊರೆಯಲಿಲ್ಲ. 1970ರಲ್ಲಿ ಸೋತರು, 1974ರ ಫೆಬ್ರುವರಿಯಲ್ಲಿ ಕೇವಲ 3 ಮತಗಳಿಂದ ಸೋತರು, ಅದೇ ಅಕ್ಟೋಬರಿನಲ್ಲಿ ಗೆದ್ದರು, 1979ರಲ್ಲಿ ಮತ್ತೆ ಸೋತರು. ಆ ವರ್ಷದ ಮಾರ್ಚ್ 1ರ ಜನಮತಸಂಗ್ರಹದಲ್ಲಿ ವೇಲ್ಸ್‌ನ ಮತದಾರರೇ ಪ್ರಾದೇಶಿಕ ಶಾಸನಸಭೆಯನ್ನು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ತಿರಸ್ಕರಿಸಿದ್ದರು.

ದೂರದರ್ಶನದ ಪ್ರಶ್ನೆ ಎದ್ದದ್ದು ಈ ಹಿನ್ನೆಲೆಯಲ್ಲಿ. ವೆಲ್ಶ್ ಕಾರ್ಯಕ್ರಮಗಳು ಇಂಗ್ಲಿಷ್ ವಾಹಿನಿಗಳ ನಡುವೆ ಚದುರಿದ್ದವು. ವೆಲ್ಶ್ ಬಾರದ ಅನೇಕರು ಬೇಸತ್ತು ತಮ್ಮ ಆಂಟೆನಾಗಳನ್ನು ಇಂಗ್ಲೆಂಡಿನ ಪ್ರಸಾರ ಕೇಂದ್ರಗಳತ್ತ ತಿರುಗಿಸುತ್ತಿದ್ದರು. ಹೀಗೆ ಪ್ರತ್ಯೇಕ ವಾಹಿನಿಯು ಎರಡೂ ಪಕ್ಷದವರಿಗೆ ಅನುಕೂಲವೇ ಆಗಿತ್ತು. 1979ರ ಚುನಾವಣೆಯಲ್ಲಿ ಆ ವಾಹಿನಿಯ ಭರವಸೆ ನೀಡಿದ್ದ ಕನ್ಸರ್ವೇಟಿವ್ ಪಕ್ಷ, ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಮಾತು ತಪ್ಪಿತು. ಅನೇಕರು ಟೆಲಿವಿಷನ್ ಪರವಾನಗಿ ಶುಲ್ಕ ಕೊಡಲು ನಿರಾಕರಿಸಿದರು. 1980ರ ಮೇ ತಿಂಗಳಲ್ಲಿ ಎವಾನ್ಸರು, ಅಕ್ಟೋಬರ್ 6ರಿಂದ ಆಮರಣ ಉಪವಾಸ ಕೈಗೊಳ್ಳುವುದಾಗಿ ಸಾರಿದರು. ನಡುವಿನ ಐದು ತಿಂಗಳು ಕಾಲಾವಕಾಶವೂ ಹೌದು, ಒತ್ತಡವೂ ಹೌದು: ಅವರು ಊರೂರು ತಿರುಗಿ ಭಾಷಣ ಮಾಡಿದರು. ವೇಲ್ಸ್‌ನ ಆರ್ಚ್‌ಬಿಷಪ್ ಸೇರಿದಂತೆ ಮೂವರು ಗಣ್ಯರು ಗೃಹಮಂತ್ರಿ ವಿಲಿಯಂ ವೈಟ್‌ಲಾರನ್ನು ಕಂಡರು. ಸೆಪ್ಟೆಂಬರ್ 17ರಂದು ಸರ್ಕಾರ ಮಣಿಯಿತು.

ಚುನಾಯಿತ ಸರ್ಕಾರವನ್ನು ಪ್ರಾಣದ ಪಣದಿಂದ ಮಣಿಸುವುದು ಬಲವಂತವಲ್ಲವೆ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. 1952ರಲ್ಲಿ ಮದರಾಸಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಮಡಿದ ಬಳಿಕವೇ ಆಂಧ್ರ ರಾಜ್ಯ ಘೋಷಣೆಯಾದುದನ್ನು ಬಲ್ಲ ನಮಗೆ ಅಂಥ ಪಣದ ಬೆಲೆ ಗೊತ್ತು. ಆದರೂ ಎವಾನ್ಸರ ಪಕ್ಷದಲ್ಲಿ ಒಂದು ನ್ಯಾಯವಿತ್ತೆಂದೇ ನಮ್ಮ ಅಭಿಪ್ರಾಯ. ಅವರು ಹೊಸತೇನನ್ನೂ ಬೇಡಲಿಲ್ಲ, ಕೊಟ್ಟ ಮಾತನ್ನಷ್ಟೇ ಕೇಳಿದರು.

1982ರ ನವೆಂಬರ್ 1ರಂದು ವೆಲ್ಶ್ ವಾಹಿನಿ ಪ್ರಸಾರ ಆರಂಭಿಸಿತು. 1961ರಲ್ಲಿ ಶೇಕಡಾ 26ರಷ್ಟಿದ್ದ ವೆಲ್ಶ್ ಭಾಷಿಕರು 1981ರ ವೇಳೆಗೆ ಸುಮಾರು 19ಕ್ಕೆ ಇಳಿದಿದ್ದರು. 2021ರ ಜನಗಣತಿಯಲ್ಲಿ ಆ ಪ್ರಮಾಣ 17.8. ಇಳಿತ ನಿಧಾನವಾದುದರಲ್ಲಿ ಶಾಲೆಗಳ ಪಾಲೆಷ್ಟು, ವಾಹಿನಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವ ಕೆಲಸವು ಭಾಷಾಸಮಾಜಶಾಸ್ತ್ರಜ್ಞರಿಗೆ ಸೇರಿದ್ದು.