ಶುದ್ಧ ನೀರು, ಸೀಸದ ಕೊಳವೆ: ಮಾರ್ಕ್ ಎಡ್ವರ್ಡ್ಸ್ ಅವರ ಸಂಶೋಧನೆ

ಕುಡಿಯುವ ನೀರನ್ನು ಕುದಿಸಿ, ಆರಿಸಿ, ಸೋಸುವ ಪದ್ಧತಿ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ರೋಗಾಣುಗಳ ಮಟ್ಟಿಗೆ ಇದು ಸರಿಯಾದ ಕ್ರಮವೇ. ಆದರೆ ನೀರಿನಲ್ಲಿ ಕರಗಿದ ಸೀಸ ಕುದಿಸುವುದರಿಂದ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಬಣ್ಣ, ರುಚಿ, ವಾಸನೆಗಳಿಂದ ತಿಳಿಯಲಾಗದ ಈ ವಿಷ ನೀರಿಗೆ ಸೇರುವ ಬಗೆಯನ್ನು ತೋರಿಸಿಕೊಟ್ಟವರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪರಿಸರ ಎಂಜಿನಿಯರ್ ಮಾರ್ಕ್ ಎಡ್ವರ್ಡ್ಸ್ ಪ್ರಮುಖರು.

ವಾಷಿಂಗ್ಟನ್ ನಗರದ ಹಳೆಯ ಮನೆಗಳಿಗೆ ಬೀದಿಯ ಮುಖ್ಯ ಕೊಳವೆಯಿಂದ ನೀರು ತರುತ್ತಿದ್ದುದು ಸೀಸದ ಕೊಳವೆಗಳು. ಕ್ಲೋರಿನ್ ಬೆರೆತ ನೀರು ಹರಿದು ಅವುಗಳ ಒಳಮೈಯಲ್ಲಿ ಲೆಡ್ ಡೈಆಕ್ಸೈಡಿನ ಗಟ್ಟಿ ಪದರ ಕಟ್ಟಿತ್ತು. ಸೀಸ ಕರಗದಂತೆ ತಡೆದಿದ್ದುದೂ ಆ ಪದರವೇ. 2000ದಲ್ಲಿ ಅಧಿಕಾರಿಗಳು ಕ್ಲೋರಿನ್ ಬದಲಿಗೆ ಕ್ಲೋರಮಿನ್ ಬಳಸತೊಡಗಿದರು. ಉದ್ದೇಶ ಒಳ್ಳೆಯದೇ ಆಗಿತ್ತು: ಕ್ಲೋರಿನ್ ಸಾವಯವ ಪದಾರ್ಥಗಳೊಡನೆ ಕೂಡಿ ಉಂಟುಮಾಡುವ ಹಾನಿಕರ ಸಂಯುಕ್ತಗಳನ್ನು ಕಡಿಮೆ ಮಾಡುವುದು. ಆದರೆ ಕ್ಲೋರಮಿನ್ ಅಷ್ಟು ಪ್ರಬಲ ಉತ್ಕರ್ಷಕವಲ್ಲ. ಹೀಗಾಗಿ ಹಳೆಯ ಪದರ ಅಸ್ಥಿರಗೊಂಡು ಸೀಸ ನೀರಿಗಿಳಿಯಿತು. ಶುದ್ಧೀಕರಣ ಘಟಕದಿಂದ ಹೊರಡುವಾಗ ನಿರ್ದೋಷವಾಗಿದ್ದ ನೀರು ಕೆಟ್ಟದ್ದು ಮನೆಯ ಬಾಗಿಲಲ್ಲಿ!

ತಾಮ್ರದ ಕೊಳವೆಗಳಲ್ಲಿ ಸೂಜಿಮೊನೆಯಂಥ ರಂಧ್ರಗಳೇಕೆ ಬೀಳುತ್ತಿವೆ ಎಂದು ಪರಿಶೀಲಿಸಲು 2003ರಲ್ಲಿ ಬಂದಿದ್ದ ಎಡ್ವರ್ಡ್ಸ್ ಅವರಿಗೆ ಸೀಸ ಕಂಡುಬಂದಿತು. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟರೆ ಸಾಕೆಂಬ ಸಲಹೆ ಆಗ ಚಾಲ್ತಿಯಲ್ಲಿತ್ತು. ಅನೇಕ ಮನೆಗಳಲ್ಲಿ ಹಾಗೆ ಹರಿಯಬಿಟ್ಟ ಮೇಲೆಯೇ ಸೀಸ ಹೆಚ್ಚಾಗಿರುವುದನ್ನು ಅವರು ಅಳೆದು ತೋರಿಸಿದರು. ನಲ್ಲಿಯ ಬಳಿ ನಿಂತ ನೀರು ಹೋದ ನಂತರ ಬರುವುದು ರಾತ್ರಿಯಿಡೀ ಸೀಸದ ಕೊಳವೆಯಲ್ಲಿ ನಿಂತ ನೀರಷ್ಟೆ. ಪರೀಕ್ಷೆಗೊಳಗಾದ ಸುಮಾರು 6,100 ಮನೆಗಳ ಪೈಕಿ 4,000ಕ್ಕೂ ಹೆಚ್ಚು ಮನೆಗಳಲ್ಲಿ ಸೀಸ ಅಂದಿನ ಮಿತಿಯಾದ ಲೀಟರಿಗೆ 15 ಮೈಕ್ರೋಗ್ರಾಂ ಮೀರಿತ್ತೆಂದು 2004ರ ಜನವರಿಯಲ್ಲಿ ಪತ್ರಿಕೆಗಳಿಂದ ಜನರಿಗೆ ತಿಳಿಯಿತು. ಅದೇ ವರ್ಷ ನೀರಿಗೆ ಆರ್ಥೋಫಾಸ್ಫೇಟ್ ಸೇರಿಸಿ ಹೊಸ ರಕ್ಷಾಪದರ ಬೆಳೆಯುವಂತೆ ಮಾಡಲಾಯಿತು.

ಜನರ ಆರೋಗ್ಯಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಿಲ್ಲವೆಂದು ಸರ್ಕಾರಿ ವರದಿ ಸಮಾಧಾನ ಹೇಳಿತು. ಸರ್ಕಾರಿ ನೆರವು ನಿಂತ ಮೇಲೂ ಎಡ್ವರ್ಡ್ಸ್ ಸ್ವಂತ ಹಣ ತೊಡಗಿಸಿ ಕೆಲಸ ಮುಂದುವರಿಸಿದರು. ರಕ್ತದಲ್ಲಿ ಸೀಸ ಹೆಚ್ಚಿದ ಹಸುಳೆಗಳ ಪ್ರಮಾಣ 2000ಕ್ಕೆ ಹೋಲಿಸಿದರೆ 2001ರಿಂದ 2003ರವರೆಗೆ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತೆಂದು 2009ರಲ್ಲಿ ಅವರು ಸಹಲೇಖಕರೊಡನೆ ಪ್ರಕಟಿಸಿದರು. ಬೆಳೆಯುವ ಮಿದುಳಿಗೆ ಸೀಸ ಮಾಡುವ ಹಾನಿಯನ್ನು ಸರಿಪಡಿಸಲಾಗದು ಎಂಬುದನ್ನು ನೆನೆದರೆ ಆ ಸಮಾಧಾನದ ಮಾತು ಎಷ್ಟು ದುಬಾರಿಯಾಯಿತೆಂಬುದು ಅರ್ಥವಾಗುತ್ತದೆ. ಇಷ್ಟಾದರೂ 2014ರಲ್ಲಿ ಮಿಷಿಗನ್ನಿನ ಫ್ಲಿಂಟ್ ನಗರ ಸವಕಳಿ ತಡೆಯುವ ರಾಸಾಯನಿಕ ಬೆರೆಸದೆಯೇ ನದಿಯ ನೀರನ್ನು ಮನೆಗಳಿಗೆ ಹರಿಸಿತು. ಮರುವರ್ಷ ಅಲ್ಲಿಯೂ ಮನೆಮನೆಯ ನೀರು ಪರೀಕ್ಷಿಸಿದವರಲ್ಲಿ ಎಡ್ವರ್ಡ್ಸ್ ಮತ್ತು ಅವರ ವಿದ್ಯಾರ್ಥಿಗಳಿದ್ದರು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿದೆ. ಪಿವಿಸಿ ಕೊಳವೆಗಳ ತಯಾರಿಕೆಯಲ್ಲಿ ಸೀಸದ ಸಂಯುಕ್ತಗಳನ್ನು ಸೇರಿಸುವ ಪದ್ಧತಿ ಬಹುಕಾಲ ನಡೆದಿತ್ತು. ಅದನ್ನು ನಿಯಂತ್ರಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು. ಹೌಸಿಂಗ್ ಸೊಸೈಟಿಗಳು ನೀರನ್ನು ಪರೀಕ್ಷೆಗೆ ಕಳುಹಿಸುವಾಗ ತಾರಸಿಯ ಟ್ಯಾಂಕಿನ ಮಾದರಿಯೊಂದೇ ಸಾಲದು; ರಾತ್ರಿಯಿಡೀ ಕೊಳವೆಯಲ್ಲಿ ನಿಂತು ಬೆಳಿಗ್ಗೆ ಅಡುಗೆಮನೆಯ ನಲ್ಲಿಯಿಂದ ಮೊದಲು ಬರುವ ನೀರನ್ನೂ, ತುಸು ಹರಿದ ನಂತರದ ನೀರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಕಳುಹಿಸಿ ಸೀಸದ ಪರೀಕ್ಷೆಯನ್ನು ಹೆಸರಿಸಿಯೇ ಕೇಳಬೇಕಾಗುತ್ತದೆ.