ಚಿನ್ನ ತೊಳೆಯುವ ಮರಿಗೆ

ಮುಂದೆ ಮದ್ರಾಸಿನ, ಅಂದರೆ ಇಂದಿನ ಚೆನ್ನೈನ, ನುಂಗಂಬಾಕ್ಕಂ ಖಗೋಳ ವೀಕ್ಷಣಾಲಯದ ಹಂಗಾಮಿ ಖಗೋಳಜ್ಞನಾದ ಜಾನ್ ವಾರನ್, 1802ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯುತ್ತಿದ್ದಾಗ, ಕೋಲಾರದ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ದಾಖಲಿಸಿದನು.

ಇಂಥ ಕೆಲಸಕ್ಕೆ ಮನೆಯಲ್ಲೇ ಕೆತ್ತಿಕೊಂಡ ಮರಿಗೆ, ಎಂದರೆ ತಗ್ಗಾದ ಮರದ ಪಾತ್ರೆ, ಸಾಕು. ಚಿನ್ನವು ನೀರಿಗಿಂತ 19 ಪಟ್ಟು, ಮರಳು ಕೇವಲ ಎರಡೂವರೆ ಪಟ್ಟು ಭಾರವಾದ್ದರಿಂದ, ಮರಿಗೆಯನ್ನು ನೀರಿನಲ್ಲಿ ಮೆಲ್ಲನೆ ಕುಲುಕಿದಾಗ ಮರಳು ಅಂಚು ದಾಟಿ ಹರಿದುಹೋಗಿ, ಚಿನ್ನ ತಳದಲ್ಲೇ ಉಳಿಯುತ್ತದೆ. ಮಣ್ಣು ಹೆಚ್ಚಿದ್ದರೆ ಇಳಿಜಾರಾಗಿ ಹೂಡಿದ ಹಲಗೆಯ ಕಾಲುವೆಯೇ ಮೇಲು: ಅದಕ್ಕೆ ಬಡಿದ ಅಡ್ಡಪಟ್ಟಿಗಳ ಹಿಂದೆ ನೀರಿನ ವೇಗ ಕುಗ್ಗಿ, ಭಾರದ ಕಣಗಳು ಕೆಳಗೆ ಹಾಸಿದ ಕಂಬಳಿಯಲ್ಲಿ ಸಿಕ್ಕಿಕೊಳ್ಳುತ್ತವೆ.

ಕಣಗಳನ್ನು ಒಗ್ಗೂಡಿಸಲು ಪಾದರಸವನ್ನು ಮಾತ್ರ ಯಾರೂ ಬಳಸಬಾರದು; ಅದರ ಆವಿ ವಿಷ.