ಚಿತ್ರಕಾರನ ಜೇಬಿನಲ್ಲಿದ್ದ ಲೆಕ್ಕದ ಪುಸ್ತಕ

ಇವತ್ತು ಒಬ್ಬ ಪೇಂಟರ್‌ನ ಜೇಬಿಗೆ ಕೈ ಹಾಕೋಣ. ಹೆಸರು ಜೆ.ಎಂ.ಡಬ್ಲ್ಯು. ಟರ್ನರ್. 1775ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಕ್ಷೌರಿಕನ ಮಗ. ಸಮುದ್ರ, ಬಿರುಗಾಳಿ, ಬೆಳಕು ಅಂದ್ರೆ ಟರ್ನರ್ ಅನ್ನುವಷ್ಟು ಹೆಸರು ಮಾಡಿದ.

1851ರಲ್ಲಿ ತೀರಿಕೊಂಡಾಗ ಈತ ಬಿಟ್ಟುಹೋದದ್ದು ಬರೀ ದೊಡ್ಡ ಕ್ಯಾನ್ವಾಸ್‌ಗಳಲ್ಲ, ಸುಮಾರು 300 ಸ್ಕೆಚ್‌ಬುಕ್‌ಗಳೂ ಕೂಡ. ಅವು ಈಗ ಲಂಡನ್‌ನ ಟೇಟ್ ಸಂಗ್ರಹದಲ್ಲಿವೆ. ಅವರ ವೆಬ್‌ಸೈಟ್‌ನಲ್ಲಿ ಫ್ರೀಯಾಗಿ ನೋಡಬಹುದು, ನಿಮ್ಮ ಫೋನಿನಲ್ಲೇ.

ಮೊದಲು ಸಾಮಗ್ರಿ ನೋಡಿ. ಹೆಚ್ಚಿನ ಪುಟಗಳಲ್ಲಿ ಇರೋದು ಪೆನ್ಸಿಲ್ ಮಾತ್ರ. ಬಣ್ಣಕ್ಕೇ ಹೆಸರಾದವನಿಗೆ ಪೆನ್ಸಿಲ್ ಯಾಕೆ? ಉತ್ತರ: ಟೈಮ್. 1819ರಲ್ಲಿ ಇಟಲಿಗೆ ಹೋದಾಗ, ಹೊರಗೆ ಕೂತು ಒಂದು ಚಿತ್ರಕ್ಕೆ ಬಣ್ಣ ಹಚ್ಚುವಷ್ಟರಲ್ಲಿ 15-16 ಪೆನ್ಸಿಲ್ ಸ್ಕೆಚ್ ಮುಗಿಸಬಹುದು ಅಂತ ಈತ ಹೇಳಿದ್ದು ಆ ಕಾಲದ ಒಂದು ಪತ್ರದಲ್ಲಿದೆ. ನಾನು ಬಿ.ಕಾಂ. ಓದಿದವನು. ನಮ್ಮ ಭಾಷೆಯಲ್ಲಿ ಇದು ಅಪ್ಪಟ ಆಪರ್ಚುನಿಟಿ ಕಾಸ್ಟ್! ಆ ಒಂದೇ ಪ್ರವಾಸದಲ್ಲಿ 20ಕ್ಕೂ ಹೆಚ್ಚು ಸ್ಕೆಚ್‌ಬುಕ್ ತುಂಬಿದವು.

ಕೆಲವು ಪುಸ್ತಕಗಳಲ್ಲಿ ಹಾಳೆಗೆ ಮೊದಲೇ ತೆಳುವಾಗಿ ಬೂದು ಬಣ್ಣ ಬಳಿದಿದ್ದಾನೆ. ಬೆಳಕು ಬೇಕಾದ ಕಡೆ ಆ ಬೂದನ್ನು ಉಜ್ಜಿ ತೆಗೆದರಾಯ್ತು, ಕೆಳಗಿನ ಬಿಳಿ ಕಾಗದ ಕಾಣುತ್ತೆ. ಬಿಳಿ ಬಣ್ಣ ಹೊತ್ತುಕೊಂಡು ತಿರುಗೋ ರಗಳೆಯೇ ಇಲ್ಲ.

ನನಗೆ ಇನ್ನೂ ಇಷ್ಟವಾದದ್ದು ಚಿತ್ರವಿಲ್ಲದ ಪುಟಗಳು. ಬ್ಯಾಂಕ್ ನೋಟುಗಳ ನಂಬರ್, ಹೂಡಿಕೆಯ ಲೆಕ್ಕ, ಖರ್ಚಿನ ಪಟ್ಟಿ. ಟೇಟ್ ಸಂಗ್ರಹದಲ್ಲಿ ಒಂದು ಪುಸ್ತಕಕ್ಕೆ ಹೆಸರೇ ‘ಫೈನಾನ್ಸ್’. ಇನ್ನೊಂದರಲ್ಲಿ ಬಣ್ಣಗಳ ರಸಾಯನಶಾಸ್ತ್ರದ ಟಿಪ್ಪಣಿಗಳಿವೆ.

ಈ ಸ್ಕೆಚ್‌ಗಳು ಈತನ ಪಾಲಿಗೆ ಗೋದಾಮಿನ ಸ್ಟಾಕ್ ಇದ್ದಹಾಗೆ. ಪ್ರವಾಸದಲ್ಲಿ ಗೀಚಿದ್ದನ್ನು ಲಂಡನ್‌ಗೆ ಬಂದು, ಕೆಲವೊಮ್ಮೆ ವರ್ಷಗಳ ನಂತರ, ಜಲವರ್ಣ ಮಾಡುತ್ತಿದ್ದ. ಅದರಿಂದ ಮುದ್ರಣದ ಪ್ರತಿಗಳು ತಯಾರಾಗಿ ಮಾರಾಟವಾಗುತ್ತಿದ್ದವು. ಅಪ್ಪನೇ ಸ್ಟುಡಿಯೋದಲ್ಲಿ ಸಹಾಯಕ, ಕ್ಯಾನ್ವಾಸ್ ಬಿಗಿಯೋ ಕೆಲಸ ಅವರದ್ದು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಡಿಸೈನ್, ಇಲಸ್ಟ್ರೇಷನ್ ಮಾಡೋ ಫ್ರೆಂಡ್ಸ್‌ಗೆ ನಾವು ಸುಲಭವಾಗಿ ಅಂದುಬಿಡ್ತೀವಿ: "ಹತ್ತು ನಿಮಿಷದ ಕೆಲಸ ಅಲ್ವಾ, ಹಾಗೇ ಮಾಡಿಕೊಡು." ಆ ಹತ್ತು ನಿಮಿಷದ ಹಿಂದೆ ಎಷ್ಟು ಪುಟ ತುಂಬಿವೆ, ಎಷ್ಟು ದುಡ್ಡು ಹೋಗಿದೆ ಅಂತ ನಾವು ಕೇಳಲ್ಲ. ಮುಂದಿನ ಸಲ ಮೊದಲು ರೇಟ್ ಕೇಳಿ. ನೀವೇ ಚಿತ್ರ ಬರೆಯೋರಾದ್ರೆ, ಸ್ಕೆಚ್‌ಬುಕ್‌ನ ಕೊನೇ ಪುಟದಲ್ಲಿ ಲೆಕ್ಕ ಬರೆಯೋದಕ್ಕೆ ಸಂಕೋಚ ಬೇಡ.